ಬೈಯುವ ಮೊದಲು 70ರ ಲೆಕ್ಕ ನೋಡಿ

ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರ ಮೇಲೆ ಮತ್ತೊಂದು ಅಂಕಣ ಬಂದಿದೆ. ವಾದ ಹಳೆಯದೇ: ಅಭಿಮಾನವಿಲ್ಲ, ಕೀಳರಿಮೆ, ಕಾನ್ವೆಂಟ್ ಸಂಸ್ಕೃತಿ. ಜಪಾನಿನವರು ತಮ್ಮ ಲಿಪಿ ಬಿಟ್ಟುಕೊಟ್ಟರೇ ನೋಡಿ ಎಂಬ ಪಾಠವೂ ಎಂದಿನಂತೆ ಜೊತೆಗಿದೆ. ಯಂತ್ರ ಎಲ್ಲರಿಗೂ ಒಂದೇ, ಬಳಸುವವರ ಸಂಸ್ಕೃತಿ ಮಾತ್ರ ಬೇರೆ ಎಂಬ ನಂಬಿಕೆಯ ಮೇಲೆ ಈ ಬಗೆಯ ಬರಹಗಳೆಲ್ಲ ನಿಂತಿವೆ. ಆ ನಂಬಿಕೆಯೇ ಸುಳ್ಳು. ಯಂತ್ರ ಎಲ್ಲರಿಗೂ ಒಂದೇ ಆಗಿರಲಿಲ್ಲ. ಇಂಗ್ಲಿಷಿಗೆ ಅದು 160 ಅಕ್ಷರ ಕೊಟ್ಟಿತು, ಕನ್ನಡಕ್ಕೆ 70. ಈ ಅಂಕಿಯನ್ನು ಬಾಯಿ ಬಿಟ್ಟು ಹೇಳದ ಯಾವ ಭಾಷಾಭಿಮಾನದ ಉಪದೇಶವೂ ನನಗೆ ರುಚಿಸುವುದಿಲ್ಲ.

ಎಸ್ಸೆಮ್ಮೆಸ್ ಒಂದರ ಒಡಲು 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ ಸಾಕು, ಹಾಗಾಗಿ 160 ಹಿಡಿಸುತ್ತದೆ. ನಡುವೆ ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸಂದೇಶ ಹದಿನಾರು ಬಿಟ್ಟಿನ ಲೆಕ್ಕಕ್ಕೆ ಹೋಗಿ 70ಕ್ಕೆ ಇಳಿಯುತ್ತದೆ. 160 ಎಲ್ಲಿಂದ ಬಂತು? 1985ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬ ಎಂಜಿನಿಯರ್ ಟೈಪ್‌ರೈಟರ್ ಮುಂದೆ ಕೂತು, ಮನಸ್ಸಿಗೆ ಬಂದ ವಾಕ್ಯ, ಪ್ರಶ್ನೆಗಳನ್ನು ಕುಟ್ಟಿ, ಅಕ್ಷರ ಎಣಿಸಿ, ಇಷ್ಟಿದ್ದರೆ ಸಾಕು ಎಂದರು. ಪೋಸ್ಟ್‌ಕಾರ್ಡ್‌ಗಳನ್ನೂ ಟೆಲೆಕ್ಸ್ ಸಂದೇಶಗಳನ್ನೂ ತಾಳೆ ನೋಡಿದರು. ಯೂರೋಪಿನ ಮಾತಿಗೆ ಅದು ಸಾಕಾಗಿಯೂ ಇತ್ತು. ನಮ್ಮ ಒತ್ತು, ಕೊಂಬು, ದೀರ್ಘಗಳು ಆ ಮೇಜಿನ ಹತ್ತಿರಕ್ಕೂ ಬಂದಿರಲಿಲ್ಲ.

ಅವು ಬಂದಾಗ ಏನಾಯಿತು ಎಂಬುದಕ್ಕೆ ದೀಪಾವಳಿಯ ಒಂದು ಸಂದೇಶ ಸಾಕು. ‘ನಿಮಗೂ ನಿಮ್ಮ ಕುಟುಂಬದವರಿಗೂ ದೀಪಾವಳಿ ಹಬ್ಬದ ಹಾರ್ದಿಕ ಶುಭಾಶಯಗಳು.’ ಯಂತ್ರ ಒತ್ತನ್ನೂ ಗುಣಿತದ ಚಿಹ್ನೆಯನ್ನೂ ಬೇರೆಬೇರೆ ಎಣಿಸುತ್ತದೆ. ನಮ್ಮ ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಅದಕ್ಕೆ ಆರು. ಆ ಲೆಕ್ಕದಲ್ಲಿ ಕೊನೆಯ ಚುಕ್ಕೆ ಬಿಟ್ಟು ಈ ವಾಕ್ಯಕ್ಕೆ 56. ಚುಕ್ಕೆಯಿಟ್ಟು ಮುಂದೆ ‘ಇಂತಿ ನಿಮ್ಮ ಪ್ರೀತಿಯ’ ಎಂದು ಸೇರಿಸಿದರೆ 76. ಹೆಸರು ಹಾಕುವ ಮೊದಲೇ ಗೆರೆ ದಾಟಿತು, ಒಂದು ಸಂದೇಶ ಎರಡಾಯಿತು, ದುಡ್ಡೂ ಎರಡರದ್ದಾಯಿತು. ಇದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 91 ಆಗುತ್ತದೆ. ಹೌದು, ಹೆಚ್ಚೇ. ಆದರೂ ಒಂದೇ ಸಂದೇಶ, ಮನೆಮಂದಿಯ ಹೆಸರನ್ನೆಲ್ಲ ಬರೆಯಲು ಇನ್ನೂ 69 ಮಿಕ್ಕಿರುತ್ತದೆ. ಅದೂ ಯಾವ ದಿನ? ರಿಯಾಯಿತಿ ಪ್ಯಾಕ್ ನಡೆಯುವುದಿಲ್ಲ ಎಂದು ಕಂಪನಿಗಳು ದೊಡ್ಡ ಹಬ್ಬಗಳನ್ನೇ ಆರಿಸಿ ಘೋಷಿಸುತ್ತಿದ್ದ ಕಾಲವದು. ಕನ್ನಡದಲ್ಲೇ ಕಳಿಸಿದರೂ ಆ ಕಡೆಯ ಹ್ಯಾಂಡ್‌ಸೆಟ್ಟಿನಲ್ಲಿ ಸಾಲಾಗಿ ಚೌಕದ ಡಬ್ಬಿಗಳು ಮೂಡುತ್ತಿದ್ದವು. ಎರಡರಷ್ಟು ದುಡ್ಡು ಕೊಟ್ಟು ಡಬ್ಬಿ ಕಳಿಸದವನನ್ನು ಅಭಿಮಾನಶೂನ್ಯ ಎಂದು ಕರೆಯಲು ಬಹಳ ಧೈರ್ಯ ಬೇಕು.

ಇದು ಕನ್ನಡಿಗರ ಗುಣದೋಷವೇ ಆಗಿದ್ದರೆ ಕನ್ನಡಿಗರಲ್ಲಿ ಮಾತ್ರ ಕಾಣಬೇಕಿತ್ತು. ಗ್ರೀಕರನ್ನು ನೋಡಿ. ಲಿಪಿಯ ಹೆಮ್ಮೆ ಅವರಿಗಿಂತ ಹೆಚ್ಚು ಯಾರಿಗಿದೆ? 2001ರಲ್ಲಿ ಅಥೆನ್ಸ್ ಅಕಾಡೆಮಿಯ 40 ಸದಸ್ಯರು ಸಹಿ ಹಾಕಿ ಹೇಳಿಕೆ ಹೊರಡಿಸಿದರು: ಲ್ಯಾಟಿನ್ ಅಕ್ಷರಗಳಲ್ಲಿ ಗ್ರೀಕ್ ಬರೆಯುವುದು ಭಾಷೆಗೆ ಅಪಾಯ ಎಂದು. ನಮ್ಮ ಅಂಕಣಗಳ ಧಾಟಿಯೇ. ಆದರೆ ಎಸ್ಸೆಮ್ಮೆಸ್ಸಿನ ಮೂಲ ಅಕ್ಷರಪಟ್ಟಿಯಲ್ಲಿ ಗ್ರೀಕಿಗೆ ಸಿಕ್ಕಿದ್ದು ಬರೀ ದೊಡ್ಡ ಅಕ್ಷರಗಳು, ಅದರಲ್ಲೂ ಇಂಗ್ಲಿಷಿನ ಆಕಾರಕ್ಕೆ ಹೋಲದ ಹತ್ತು ಮಾತ್ರ. ಸಣ್ಣಕ್ಷರದಲ್ಲಿ ಬರೆದರೆ ಹೋಮರನ ವಂಶಸ್ಥರಿಗೂ 70ರ ಶಿಕ್ಷೆಯೇ. ಕೈರೋ, ಬೇರೂತ್, ಅಮ್ಮಾನ್‌ಗಳ ಹುಡುಗರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಂಗ್ಲಿಷಿನಲ್ಲಿ ಇಲ್ಲದ ಗಂಟಲಿನ ಧ್ವನಿಗಳಿಗೆ 3, 7 ಎಂಬ ಅಂಕಿಗಳನ್ನೇ ಅಕ್ಷರ ಮಾಡಿಕೊಂಡರು. ಕುರಾನಿನ ಲಿಪಿಯನ್ನು ಅವರು ತಿರಸ್ಕರಿಸಿದರು ಎಂದು ಹೇಳುವವರಿದ್ದರೆ ಮುಂದೆ ಬರಲಿ. ಎರಡೂ ಕಡೆ ಈ ರೂಢಿ ಈಮೇಲ್, ಚಾಟ್ ದಿನಗಳಲ್ಲೇ ಶುರುವಾಗಿತ್ತು. ಆಗಲೂ ಯಂತ್ರ ಸುಲಭವಾಗಿ ಒಪ್ಪುತ್ತಿದ್ದದ್ದು ಲ್ಯಾಟಿನ್ ಅಕ್ಷರಗಳನ್ನೇ. ಗ್ರೀಕರು, ಅರಬರು, ಕನ್ನಡಿಗರು ಮೂವರಿಗೂ ಸಮಾನವಾದ ಸಂಸ್ಕೃತಿ ಯಾವುದು? ಯಾವುದೂ ಇಲ್ಲ. ಸಮಾನವಾಗಿದ್ದದ್ದು ಯಂತ್ರ ಮತ್ತು ಬಿಲ್ಲು.

ಕಾಂಬೋಡಿಯಾದ ಕಥೆ ಇದಕ್ಕಿಂತ ಸ್ವಾರಸ್ಯದ್ದು. 2018ರಲ್ಲಿ ಫೇಸ್‌ಬುಕ್ ಮೆಸೆಂಜರ್‌ನ ಧ್ವನಿ ಸೌಲಭ್ಯದ ಜಾಗತಿಕ ಬಳಕೆಯಲ್ಲಿ ಹತ್ತಿರಹತ್ತಿರ ಅರ್ಧ ಆ ಪುಟ್ಟ ದೇಶವೊಂದರದ್ದೇ ಎಂದು ಕಂಪನಿಯ ಒಳಗಿನವರೇ ತಲೆ ಕೆರೆದುಕೊಂಡಿದ್ದರು. ಮಾತಿನ ಮಲ್ಲರು, ಮೌಖಿಕ ಪರಂಪರೆಯವರು ಎಂದು ಪ್ರಬಂಧ ಬರೆಯಲು ಹೇಳಿ ಮಾಡಿಸಿದ ವಿಷಯ. ಆದರೆ ಖ್ಮೇರ್ ಲಿಪಿಯಲ್ಲಿ 74 ಚಿಹ್ನೆಗಳಿವೆ, ಫೋನಿನ ಕೀಲಿಮಣೆಯಲ್ಲಿ ಅವನ್ನು ಹುಡುಕಿ ಒತ್ತುವಷ್ಟರಲ್ಲಿ ಮಾತು ಮುಗಿಸಿಬಿಡಬಹುದು. ಜನ ಮೈಕ್ ಗುಂಡಿ ಒತ್ತಿದರು, ಅಷ್ಟೆ.

ಇನ್ನು ಜಪಾನ್. ಅಂಕಣಕಾರರೇ ಎಳೆದು ತಂದಿರುವುದರಿಂದ ಉತ್ತರ ಕೊಡಲೇಬೇಕು. ಜಪಾನೀಯರು ಫ್ಯಾಕ್ಸ್‌ಗೆ ಅಂಟಿಕೊಂಡದ್ದಕ್ಕೆ ಕೈಬರಹದ ಮೇಲಿನ ಪ್ರೀತಿ, ಮುದ್ರೆಯ ಮೇಲಿನ ಗೌರವ ಎಂಬ ವಿವರಣೆ ಲೋಕಪ್ರಸಿದ್ಧ. ಅದರ ಹಿಂದಿನ ಅಧ್ಯಾಯವನ್ನು ಯಾರೂ ಓದುವುದಿಲ್ಲ. ಯೂರೋಪ್, ಅಮೆರಿಕದ ಕಚೇರಿಗಳು ಟೆಲೆಕ್ಸ್‌ನಲ್ಲಿ ವ್ಯವಹರಿಸುತ್ತಿದ್ದಾಗ ಆ ಯಂತ್ರಕ್ಕೆ ಸಾವಿರಾರು ಕಾಂಜಿ ಅಕ್ಷರಗಳು ದಕ್ಕುತ್ತಿರಲಿಲ್ಲ. ಕಾಂಜಿ ಬರೆಯಬಲ್ಲ ಮೊದಲ ವರ್ಡ್ ಪ್ರೊಸೆಸರನ್ನು ತೋಶಿಬಾ ಪ್ರಕಟಿಸಿದ್ದು 1978ರಲ್ಲಿ, ಬೆಲೆ 63 ಲಕ್ಷ ಯೆನ್. ಹಾಳೆಯ ಮೇಲಿದ್ದದ್ದನ್ನು ಇದ್ದ ಹಾಗೇ ಆ ಕಡೆ ಮುಟ್ಟಿಸುವ ಫ್ಯಾಕ್ಸ್ ಅವರಿಗೆ ಸಿಕ್ಕ ಮೊದಲ ನ್ಯಾಯವಾದ ಯಂತ್ರ. ಅಂದರೆ ಜಪಾನೀಯರು ಲಿಪಿ ಉಳಿಸಿಕೊಂಡದ್ದು ಬರೀ ಛಲದಿಂದಲ್ಲ. ಅವರ ಲಿಪಿಗೆ ಒಗ್ಗುವ ಯಂತ್ರ ಕೈಗೆಟಕುವ ಬೆಲೆಗೆ ಬಂತು, ಅದನ್ನು ತಾವೇ ತಯಾರಿಸಿ ಲೋಕಕ್ಕೆಲ್ಲ ಮಾರಿದರು.

ಹಾಗಾದರೆ ಸಂಸ್ಕೃತಿಗೆ ಪಾತ್ರವೇ ಇಲ್ಲವೇ? ಇದೆ, ಆದರೆ ಅದು ಎರಡನೆಯದಾಗಿ ಬರುತ್ತದೆ ಮತ್ತು ಬಂದ ಮೇಲೆ ಹೋಗುವುದಿಲ್ಲ. ಕಂಪ್ಯೂಟರ್‌ಗಳು ಕಾಂಜಿ ಕಲಿತು ದಶಕಗಳಾದ ಮೇಲೂ ಫ್ಯಾಕ್ಸ್ ಉಳಿಯಿತು. 2021ರಲ್ಲಿ ಸಚಿವ ತಾರೊ ಕೊನೊ ಸರ್ಕಾರಿ ಕಚೇರಿಗಳಿಂದ ಅದನ್ನು ಹೊರಹಾಕಲು ಹೊರಟಾಗ ಇಲಾಖೆಗಳಿಂದ ನೂರಾರು ಆಕ್ಷೇಪಗಳು ಬಂದು ಅವರೇ ಹಿಂದೆ ಸರಿದರು. ಫ್ಲಾಪಿ ಡಿಸ್ಕ್ ಕಡ್ಡಾಯ ಮಾಡಿದ್ದ ಸಾವಿರಕ್ಕೂ ಹೆಚ್ಚು ನಿಯಮಗಳು ಅಲ್ಲಿ ರದ್ದಾಗಿ ಮುಗಿದದ್ದು 2024ರಲ್ಲಿ. ಕಾರಣ ಸತ್ತ ಮೇಲೂ ಅಭ್ಯಾಸ ಬದುಕುತ್ತದೆ.

ವಾಟ್ಸ್ಆ್ಯಪ್‌ನಲ್ಲಿ 70ರ ಗೆರೆ ಇಲ್ಲ, ಕನ್ನಡ ಕೀಲಿಮಣೆ ಪುಕ್ಕಟೆ, ಮಾತಾಡಿದರೆ ಬರೆದುಕೊಳ್ಳುತ್ತದೆ, ಆದರೂ ಇಂಗ್ಲಿಷ್ ಅಕ್ಷರ ಏಕೆ ಎಂಬ ಪ್ರಶ್ನೆಗೂ ಇದೇ ಉತ್ತರ. ಆಂಡ್ರಾಯ್ಡ್ ಕನ್ನಡವನ್ನು ಸರಿಯಾಗಿ ತೋರಿಸಲು ಕಲಿತದ್ದು 2012ರ ಹೊತ್ತಿಗೆ. ಅಷ್ಟರಲ್ಲಿ ಒಂದು ಇಡೀ ತಲೆಮಾರಿನ ಹೆಬ್ಬೆರಳು ಬೇರೆ ದಾರಿಗೆ ಪಳಗಿತ್ತು. ಅದನ್ನು ಬೈಗುಳದಿಂದ ತಿರುಗಿಸಲಾಗದು. ಅಥೆನ್ಸಿನ ನಲವತ್ತು ಪಂಡಿತರ ಸಹಿಯಿಂದಲೂ ಆಗಲಿಲ್ಲ.

ಬೈಯಲೇಬೇಕೆಂದರೆ 70 ಇಂದಿಗೂ ಎಲ್ಲಿ ಜೀವಂತವಾಗಿದೆ ಎಂದು ಹುಡುಕಿ ಅಲ್ಲಿ ಬೈಯಿರಿ. ಬ್ಯಾಂಕು, ಇಲಾಖೆ, ಆಸ್ಪತ್ರೆಗಳು ಕಳಿಸುವ ಎಸ್ಸೆಮ್ಮೆಸ್‌ಗೆ ಇವತ್ತೂ ಅದೇ ಲೆಕ್ಕ. ಉದ್ದವಾದರೆ ಇನ್ನೂ ಕೆಟ್ಟದು: ಭಾಗಗಳನ್ನು ಜೋಡಿಸುವ ಗುರುತಿಗೆ ಜಾಗ ಬಿಟ್ಟು ಪ್ರತಿ ಭಾಗಕ್ಕೆ 67. ಇಂಗ್ಲಿಷಿನಲ್ಲಿ ಒಂದೇ ಸಂದೇಶವಾಗುವ 150 ಅಕ್ಷರದ ಸೂಚನೆ ಕನ್ನಡದಲ್ಲಿ ಅಷ್ಟೇ ಉದ್ದವಿದ್ದರೂ ಮೂರಾಗುತ್ತದೆ. ಲಕ್ಷಗಟ್ಟಲೆ ಗ್ರಾಹಕರಿಗೆ ಕಳಿಸುವ ಸಂಸ್ಥೆಯ ಖರ್ಚಿನ ಪಟ್ಟಿ ಹಿಡಿದವನು ಯಾವ ಭಾಷೆ ಆರಿಸುತ್ತಾನೆ ಎಂದು ಬಿಡಿಸಿ ಹೇಳಬೇಕೇ? ನವೆಂಬರಿನಲ್ಲಿ ಬಾವುಟ ಹಾರಿಸುವ ಕಚೇರಿಯೇ ಡಿಸೆಂಬರಿನಲ್ಲಿ ಇಂಗ್ಲಿಷ್ ಸಂದೇಶ ಕಳಿಸುವುದರ ಹಿಂದೆ ಈ ಲೆಕ್ಕವೂ ಇದೆ.

ತಾಂತ್ರಿಕ ಪರಿಹಾರ ಇಲ್ಲ ಎಂಬ ನೆಪವೂ ನಡೆಯದು. ಎಸ್ಸೆಮ್ಮೆಸ್ಸಿನ ಅಂತರರಾಷ್ಟ್ರೀಯ ಮಾನದಂಡಕ್ಕೆ ಮೊದಲು ತುರ್ಕಿ ಭಾಷೆಯ ಅಕ್ಷರಪಟ್ಟಿ ಸೇರಿತು, ನಂತರ ಕನ್ನಡವೂ ಸೇರಿದಂತೆ ಭಾರತದಲ್ಲಿ ಬಳಸುವ ಹತ್ತು ಭಾಷೆಗಳ ಪಟ್ಟಿಗಳು ಬಂದವು. ಅವನ್ನು ಬಳಸಿದರೆ ಒಂದು ಸಂದೇಶದಲ್ಲಿ 150ಕ್ಕೂ ಹೆಚ್ಚು ಕನ್ನಡ ಚಿಹ್ನೆ ಹಿಡಿಸುತ್ತವೆ. ಪಟ್ಟಿ ಬಂದು ಹತ್ತು ವರ್ಷ ಮೀರಿದೆ. ಸಗಟು ಸಂದೇಶ ಮಾರುವವರ ದರಪಟ್ಟಿಯಲ್ಲಿ ಕನ್ನಡ ಇನ್ನೂ 70ರಲ್ಲೇ ನಿಂತಿದೆ.

ದರದಲ್ಲಿ ಕೈಹಾಕುವುದು ನಮ್ಮ ಕೆಲಸವಲ್ಲ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹೇಳುವಂತಿಲ್ಲ. ದಿನಕ್ಕೆ 100 ಎಸ್ಸೆಮ್ಮೆಸ್ ದಾಟಿದರೆ ಪ್ರತಿಯೊಂದಕ್ಕೂ ಕನಿಷ್ಠ 50 ಪೈಸೆ ವಸೂಲು ಮಾಡಬೇಕೆಂದು 2012ರಲ್ಲಿ ಆದೇಶಿಸಿದ್ದು, 2020ರಲ್ಲಿ ಅದನ್ನು ತೆಗೆದದ್ದು ಅದೇ ಪ್ರಾಧಿಕಾರ. ಫೋನುಗಳಲ್ಲಿ ಭಾರತೀಯ ಭಾಷೆಗಳನ್ನು ಓದಲು ಬರಬೇಕೆಂದು 2016ರಲ್ಲಿ ಕೇಂದ್ರ ಸರ್ಕಾರ ನಿಯಮ ಹೊರಡಿಸಿದ್ದೂ ಉಂಟು. ಕನ್ನಡ ಅಭಿವೃದ್ಧಿ ಪ್ರಾಧಿಕಾರವೂ ರಾಜ್ಯ ಸರ್ಕಾರವೂ ಟ್ರಾಯ್ ಮುಂದೆ ಇಡಬೇಕಾದ ಬೇಡಿಕೆ ಒಂದೇ ಸಾಲಿನದು: ಭಾರತದ ಯಾವ ಲಿಪಿಯಲ್ಲೇ ಆಗಲಿ, 160 ಚಿಹ್ನೆಗಳವರೆಗೆ ಒಂದೇ ಎಸ್ಸೆಮ್ಮೆಸ್‌ನ ದರ.