ಗೃಹಸ್ಥನ ಕವಚ



ಈ ತಿಂಗಳು ನನಗೆ ಬಂದ ಪತ್ರಗಳಲ್ಲಿ ಒಂದಕ್ಕೆ ಉತ್ತರವನ್ನು ಅಂಚೆಯಲ್ಲಿ ಕಳುಹಿಸುವುದಕ್ಕಿಂತ ಇಲ್ಲಿಯೇ ಬರೆಯುವುದು ಉಚಿತವೆಂದು ತೋರಿತು; ಏಕೆಂದರೆ ಅದರಲ್ಲಿರುವ ಪ್ರಶ್ನೆಯು ಒಬ್ಬರದೇ ಅಲ್ಲ. ಬರೆದವರು ಕ್ರೈಸ್ತ ಗೃಹಸ್ಥರು. ಅವರ ಮನೆಯಲ್ಲಿ ಬೆಳಗ್ಗೆ ಸಂಜೆ ಪ್ರಾರ್ಥನೆ ತಪ್ಪುವುದಿಲ್ಲ. ಮಲಗುವುದಕ್ಕೆ ಮುಂಚೆ 91ನೆಯ ಕೀರ್ತನೆಯನ್ನು ಮಕ್ಕಳಿಂದ ಓದಿಸುವುದು ಹಿರಿಯರ ಕಾಲದಿಂದ ಬಂದ ಪದ್ಧತಿ. ಹೀಗಿದ್ದೂ ಅವರ ಕಿರಿಯ ಮಗಳು ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡಳು. ದುಃಖವನ್ನು ವಿಚಾರಿಸಲು ಬಂದ ನೆಂಟರೊಬ್ಬರು, ನಿಮ್ಮ ನಂಬಿಕೆಯಲ್ಲಿ ಎಲ್ಲೋ ಬಿರುಕಿದ್ದಿರಬೇಕು, ಇಲ್ಲವಾದರೆ ಕೇಡು ಒಳಗೆ ಬರುತ್ತಿತ್ತೇ ಎಂದರಂತೆ. "ಅಂದಿನಿಂದ ನನ್ನ ಮನೆಯವಳು ಪ್ರಾರ್ಥನೆಗೆ ಬಂದು ಕುಳಿತುಕೊಳ್ಳುತ್ತಾಳೆ, ಬಾಯಿ ತೆರೆಯುವುದಿಲ್ಲ. ನಾವು ದೇವರ ಕವಚವನ್ನು ಸರಿಯಾಗಿ ಧರಿಸಿರಲಿಲ್ಲವೇ?" ಎಂದು ಅವರು ಕೇಳಿದ್ದಾರೆ.

ಇಂಥ ಪ್ರಶ್ನೆಗೆ ಅವಸರದ ಉತ್ತರವು ಸಲ್ಲದು. ಕವಚವೆಂದರೇನು, ಅದು ಯಾವುದರಿಂದ ಕಾಯುತ್ತದೆ, ಎಲ್ಲಿ ಧರಿಸತಕ್ಕದ್ದು ಎಂಬುದನ್ನು ಮೊದಲು ವಿಚಾರಿಸೋಣ.

ಕವಚವೆಂಬ ಭಾವನೆಯು ನಮ್ಮ ದೇಶಕ್ಕೆ ಹೊಸದಲ್ಲ. ಋಗ್ವೇದದ 6ನೆಯ ಮಂಡಲದ 75ನೆಯ ಸೂಕ್ತವು ಯುದ್ಧಕ್ಕೆ ಹೊರಟವನ ಕವಚ, ಬಿಲ್ಲು, ಹೆದೆ, ಬತ್ತಳಿಕೆ ಮುಂತಾದುವನ್ನು ಸ್ತುತಿಸಿ, ಮಂತ್ರವೇ ತನ್ನ ಒಳಗಿನ ಕವಚವೆಂಬ ಭಾವದಲ್ಲಿ ಕೊನೆಗಾಣುತ್ತದೆ. ಮುಂದಿನ ಸ್ತೋತ್ರಸಾಹಿತ್ಯದಲ್ಲಿ ಕವಚವೆಂಬುದು ಒಂದು ಪ್ರಕಾರವೇ ಆಗಿ, ಒಂದೊಂದು ಅಂಗವನ್ನೂ ಹೆಸರಿಸಿ ದೇವತೆಯ ರಕ್ಷಣೆಗೆ ಒಪ್ಪಿಸುವ ಪದ್ಧತಿ ಬಂದಿತು. ದೂರದ ಐರ್ಲೆಂಡಿನ ಕ್ರೈಸ್ತರಲ್ಲಿಯೂ ಎದೆಗವಚವೆಂಬ ಅರ್ಥದ 'ಲೋರಿಕಾ' ಎಂಬ ಹೆಸರಿನ ರಕ್ಷಾಪ್ರಾರ್ಥನೆಗಳಿದ್ದುವು. ಸಂತ ಪ್ಯಾಟ್ರಿಕನ ಹೆಸರಿನಲ್ಲಿ ನಡೆದುಬಂದಿರುವುದು ಅವುಗಳಲ್ಲಿ ಸುಪ್ರಸಿದ್ಧವಾದುದು. ಮನುಷ್ಯನ ಭಯವು ಎಲ್ಲ ದೇಶಗಳಲ್ಲಿಯೂ ಒಂದೇ. ಆಸರೆಗಾಗಿ ಅವನು ಚಾಚುವ ಕೈಯೂ ಒಂದೇ.

ಆದರೆ ಕವಚವು ಬೇರೆ, ತಾಯಿತವು ಬೇರೆ. ತಾಯಿತವು ಕಟ್ಟಿಕೊಂಡವನು ಎಂಥವನೆಂದು ಕೇಳುವುದಿಲ್ಲ. ಅದನ್ನು ತೋಳಿಗೆ ಕಟ್ಟಿ ಮರೆತುಬಿಡಬಹುದು. ಕವಚವನ್ನಾದರೋ ಪ್ರತಿದಿನವೂ ಎದ್ದು ಧರಿಸಬೇಕು, ಅದರ ಭಾರವನ್ನು ಹೊರಬೇಕು, ಧರಿಸಿದ ಮೇಲೆ ತನ್ನ ಸ್ಥಾನದಲ್ಲಿ ನಿಲ್ಲಬೇಕು. ತಾಯಿತವನ್ನು ಕಟ್ಟಿಕೊಂಡವನು ಪೆಟ್ಟು ತನ್ನ ಹತ್ತಿರ ಬಾರದೆಂದು ಎಣಿಸುತ್ತಾನೆ. ಕವಚವನ್ನು ಧರಿಸಿದವನು ಪೆಟ್ಟು ಬಂದೇ ಬರುವುದೆಂದು ತಿಳಿದು ಅದನ್ನು ಧರಿಸುತ್ತಾನೆ.

ಈ ಭೇದವನ್ನು ಎಫೆಸ ಪಟ್ಟಣದವರು ಚೆನ್ನಾಗಿ ಬಲ್ಲವರಾಗಿದ್ದರು. 'ಎಫೆಸದ ಅಕ್ಷರಗಳು' ಎಂಬ, ಅರ್ಥವಿಲ್ಲದ ಕೆಲವು ಮಂತ್ರಶಬ್ದಗಳು ಪುರಾತನ ಲೋಕದಲ್ಲೆಲ್ಲಾ ಪ್ರಖ್ಯಾತವಾಗಿದ್ದುವು. ಜನರು ಅವುಗಳನ್ನು ಬರೆದು ಮೈಮೇಲೆ ಧರಿಸುತ್ತಿದ್ದರು. ಪೌಲನು ಆ ಪಟ್ಟಣದಲ್ಲಿ ಸುಮಾರು 3 ವರ್ಷ ಬೋಧಿಸಿದ ಕಾಲದಲ್ಲಿ, ನಂಬಿದವರಲ್ಲಿ ಅನೇಕರು ತಮ್ಮ ಮಾಟಮಂತ್ರದ ಪುಸ್ತಕಗಳನ್ನು ತಂದು ಎಲ್ಲರ ಮುಂದೆ ಸುಟ್ಟರೆಂದೂ, ಅವುಗಳ ಬೆಲೆ 50,000 ಬೆಳ್ಳಿ ನಾಣ್ಯಗಳಾಗಿತ್ತೆಂದೂ ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯವು ತಿಳಿಸುತ್ತದೆ. ಅದೇ ಅಧ್ಯಾಯದಲ್ಲಿ ಸ್ಕೇವನ ಮಕ್ಕಳು ಯೇಸುವಿನ ಹೆಸರನ್ನೇ ಮಂತ್ರದಂತೆ ಪ್ರಯೋಗಿಸಲು ಹೋಗಿ ಪೆಟ್ಟು ತಿಂದು ಓಡಿಹೋದ ಸಂಗತಿಯೂ ಇದೆ. ಹೀಗೆ ತಾಯಿತಗಳನ್ನು ಬಿಟ್ಟ ಜನರಿಗೆ ಪೌಲನು ಇನ್ನೊಂದು ತಾಯಿತವನ್ನು ಕೊಡಲಿಲ್ಲ, ಕವಚವನ್ನು ಕೊಟ್ಟನು.

ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಈ ಕವಚದ ಮಾತು ಬರುವ ಸ್ಥಳವನ್ನು ವಾಚಕರು ಗಮನಿಸಬೇಕೆಂದು ಬೇಡುತ್ತೇನೆ. ಅದು 6ನೆಯ ಅಧ್ಯಾಯದ 10ನೆಯ ವಚನದಿಂದ ಮೊದಲಾಗುತ್ತದೆ. ಅದಕ್ಕೆ ಹಿಂದಿನ ಮಾತುಗಳು ಯಾರನ್ನು ಕುರಿತವು? ಗಂಡಹೆಂಡಿರನ್ನು, ತಂದೆಮಕ್ಕಳನ್ನು, ಯಜಮಾನರನ್ನೂ ದಾಸರನ್ನೂ ಕುರಿತವು. ಅಂದರೆ ಅಪೊಸ್ತಲನು ಅಡಿಗೆಮನೆಯಿಂದಲೂ ಪಡಸಾಲೆಯಿಂದಲೂ ನೇರವಾಗಿ ಯುದ್ಧಕ್ಕೆ ಬರುತ್ತಾನೆ. ಕೇಡಿನ ಶಕ್ತಿಗಳನ್ನು ನಾವು ಸ್ಮಶಾನದಲ್ಲಿಯೋ ಹಾಳುಗುಡಿಯಲ್ಲಿಯೋ ಹುಡುಕುತ್ತೇವೆ. ಅವನು ಮನೆಯೊಳಗಿನ ಮಾತುಕತೆಯನ್ನು ತೋರಿಸಿ, ರಣರಂಗವು ಇದೇ ಎನ್ನುತ್ತಾನೆ.

ಆ ಕವಚವು ಅವನ ಸ್ವಂತ ಕಲ್ಪನೆಯೂ ಅಲ್ಲ. ಯೆಶಾಯನ ಗ್ರಂಥದ 59ನೆಯ ಅಧ್ಯಾಯದಲ್ಲಿ, ಸತ್ಯವು ಬೀದಿಯಲ್ಲಿ ಮುಗ್ಗರಿಸಿ ಬಿದ್ದಿರುವುದನ್ನು ಕಂಡು, ದೇವರು ತಾನೇ ನೀತಿಯನ್ನು ಕವಚವಾಗಿಯೂ ರಕ್ಷಣೆಯನ್ನು ಶಿರಸ್ತ್ರಾಣವಾಗಿಯೂ ಧರಿಸಿಕೊಂಡನೆಂದಿದೆ. ಆದುದರಿಂದ ನಾವು ಧರಿಸುವುದು ನಾವು ಬಡಿದು ಮಾಡಿದ ಕವಚವಲ್ಲ. ತಂದೆಯು ತನ್ನ ಹೊದಿಕೆಯನ್ನು ತೆಗೆದು ಮಗನ ಹೆಗಲಿಗೆ ಹೊದಿಸಿದಂತೆ, ಅದು ದೇವರದೇ.

ಇನ್ನು ಅದರ ಭಾಗಗಳು. ಮೊದಲನೆಯದು ಸತ್ಯವೆಂಬ ನಡುಕಟ್ಟು. ಸಡಿಲವಾದ ಅಂಗಿಯನ್ನು ಎತ್ತಿ ಕಟ್ಟದೆ ಸೈನಿಕನು ಒಂದು ಹೆಜ್ಜೆಯನ್ನೂ ಇಡಲಾರನು. ಮನೆಯಲ್ಲಿ ಈ ಕಟ್ಟು ಸಡಿಲುವುದು ಹೇಗೆಂದರೆ: ಹಣ ಕೊಟ್ಟವನು ಬಾಗಿಲಿಗೆ ಬಂದಾಗ, ಅಪ್ಪ ಊರಲ್ಲಿಲ್ಲವೆಂದು ಹೇಳಿ ಬಾ ಎಂದು ಒಳಗೆ ಕುಳಿತ ತಂದೆಯು ಮಗನನ್ನು ಕಳುಹಿಸುತ್ತಾನೆ. ಬಂದವನು ಹಿಂದಿರುಗುತ್ತಾನೆ. ಅದೇ ಸಂಜೆ ಅದೇ ಮಗನು ಕಣ್ಣು ಮುಚ್ಚಿ ತಂದೆಯ ಪ್ರಾರ್ಥನೆಯನ್ನು ಕೇಳುತ್ತಾನೆ. ಅದರಲ್ಲಿ ಯಾವ ಮಾತನ್ನು ಅವನು ನಂಬತಕ್ಕದ್ದು? ಶತ್ರುವು ಒಳಗೆ ಬರಲು ಇದಕ್ಕಿಂತ ಅಗಲವಾದ ದಾರಿ ಬೇಕಿಲ್ಲ.

ಎರಡನೆಯದು ನೀತಿಯೆಂಬ ಎದೆಗವಚ. ಕೂಲಿಯವಳ ಕೂಲಿಯನ್ನು ನಾಳೆ ನಾಡಿದ್ದೆಂದು ತಡೆದಿಟ್ಟುಕೊಂಡವನ ಎದೆಯು, ಎಷ್ಟು ಭಕ್ತಿಗೀತಗಳನ್ನು ಹಾಡಿದರೂ, ಬರಿದಾಗಿಯೇ ಇರುತ್ತದೆ. ಮೂರನೆಯದು ಸಮಾಧಾನದ ಸುವಾರ್ತೆಯೆಂಬ ಕೆರ. ರೋಮ್ ಸೈನಿಕನ ಕೆರದ ಅಟ್ಟೆಗೆ ಕಬ್ಬಿಣದ ಮೊಳೆಗಳನ್ನು ಬಡಿದಿರುತ್ತಿದ್ದರು. ಅವನ ಕಾಲು ಜಾರುತ್ತಿರಲಿಲ್ಲ. ಪಾಲುಪಟ್ಟಿಯ ವಿಷಯದಲ್ಲಿ ಮನಸ್ಸು ಮುರಿದ ಅಣ್ಣತಮ್ಮಂದಿರಲ್ಲಿ, ಮೊದಲು ಇನ್ನೊಬ್ಬನ ಅಂಗಳಕ್ಕೆ ನಡೆದು ಹೋಗುವವನ ಕಾಲಿನಲ್ಲಿ ಈ ಕೆರವಿದೆ ಎಂದು ತಿಳಿಯಿರಿ.

ನಾಲ್ಕನೆಯದಾದ ನಂಬಿಕೆಯೆಂಬ ಗುರಾಣಿಯ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ಪೌಲನು ಅದಕ್ಕೆ ಬಳಸಿದ ಗ್ರೀಕ್ ಶಬ್ದವು 'ಥುರೆಯೋಸ್'. ಬಾಗಿಲೆಂಬ ಅರ್ಥದ 'ಥುರಾ' ಎಂಬುದರಿಂದ ಹುಟ್ಟಿದುದು. ಆ 'ಥುರಾ' ಶಬ್ದವೂ ಸಂಸ್ಕೃತದ 'ದ್ವಾರ' ಶಬ್ದವೂ ಒಂದೇ ಮೂಲದ ಸಂತತಿ. ಪೊಲಿಬಿಯಸನೆಂಬ ಇತಿಹಾಸಕಾರನು ವರ್ಣಿಸಿರುವ ರೋಮನ್ ಗುರಾಣಿಯು ಸುಮಾರು 4 ಅಡಿ ಎತ್ತರ, ಎರಡೂವರೆ ಅಡಿ ಅಗಲ. ಹಲಗೆಗಳನ್ನು ಅಂಟಿಸಿ, ಮೇಲೆ ಬಟ್ಟೆಯನ್ನೂ ಕರುವಿನ ಚರ್ಮವನ್ನೂ ಹೊದಿಸಿದುದು. ಅದು ಕೈಯಲ್ಲಿ ಹಿಡಿದ ಒಂದು ಕದವೇ ಸರಿ. ಉರಿಯುವ ಬಾಣಗಳು ಬಾರದಂತೆ ಅದು ಮಾಡುತ್ತದೆಂದು ಅಪೊಸ್ತಲನು ಹೇಳಲಿಲ್ಲ. ಬಂದ ಬಾಣಗಳನ್ನು ಆರಿಸುತ್ತದೆಂದನು. ಸುಡುವ ಮಾತು, ನಿರಾಶೆ, ದೇವರು ನಮ್ಮನ್ನು ಕೈಬಿಟ್ಟನೆಂಬ ನಡುರಾತ್ರಿಯ ಯೋಚನೆ, ಇವು ಕದಕ್ಕೆ ತಗಲುತ್ತವೆ. ಮನೆಗೆ ಬೆಂಕಿ ಹತ್ತಗೊಡದಿರುವುದೇ ನಂಬಿಕೆಯ ಕೆಲಸ.

ಇಲ್ಲಿ ವ್ಯಾಕರಣದ ಒಂದು ಮಾತು. ಧರಿಸಿಕೊಳ್ಳಿರಿ, ನಿಲ್ಲಿರಿ ಎಂಬ ಕನ್ನಡದ ಕ್ರಿಯಾಪದಗಳು ಗೌರವಕ್ಕೂ ಸಲ್ಲುತ್ತವೆ, ಬಹುವಚನಕ್ಕೂ ಸಲ್ಲುತ್ತವೆ. ಪೌಲನ ಗ್ರೀಕ್ ಭಾಷೆಯಲ್ಲಾದರೋ ಒಬ್ಬನನ್ನು ಗೌರವಿಸಲು ಬಹುವಚನವನ್ನು ಬಳಸುವ ರೂಢಿಯಿರಲಿಲ್ಲ. ಅವನು ಮಾತಾಡಿದ್ದು ಅನೇಕರೊಡನೆ. ರೋಮ್ ಸೈನಿಕರು ಗುರಾಣಿಗಳನ್ನು ಒಂದಕ್ಕೊಂದು ತಾಗಿಸಿ, ತಲೆಯ ಮೇಲೂ ಹಿಡಿದು 'ಆಮೆ' ಎಂಬ ಹೆಸರಿನ ವ್ಯೂಹವನ್ನು ಕಟ್ಟುತ್ತಿದ್ದರು. ಅದರೊಳಗೆ ಒಬ್ಬನ ಕೈ ಸೋತರೆ ಪಕ್ಕದವನ ಗುರಾಣಿಯು ಅವನನ್ನು ಮರೆಮಾಡುವುದು. ಕುಟುಂಬವೂ ಸಭೆಯೂ ಇರುವುದು ಇದಕ್ಕಾಗಿಯೇ.

ಶಿರಸ್ತ್ರಾಣವು ರಕ್ಷಣೆ, ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಅದನ್ನೇ ರಕ್ಷಣೆಯ ನಿರೀಕ್ಷೆಯೆಂದು ಕರೆದಿದೆ. ಕತ್ತಿಯು ದೇವರ ವಾಕ್ಯ. ಸ್ವಾಮಿ ಯೇಸುವು ಅಡವಿಯಲ್ಲಿ ಶೋಧಿಸಲ್ಪಟ್ಟಾಗ ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದಿಂದ ತೆಗೆದವು. ಆ ಹೊತ್ತಿಗೆ ಒದಗಿದುದು ಕಂಠಸ್ಥವಾಗಿದ್ದ ವಾಕ್ಯವೇ. ಒರೆಯಲ್ಲಿ ತುಕ್ಕು ಹಿಡಿದ ಕತ್ತಿಯೂ ಕಪಾಟಿನಲ್ಲಿ ಧೂಳು ಹಿಡಿದ ಪುಸ್ತಕವೂ ಸಮಾನ.

ಈಗ ಪತ್ರ ಬರೆದವರ ಪ್ರಶ್ನೆಗೆ ಬರುತ್ತೇನೆ. ಅವರ ಮನೆಯಲ್ಲಿ ಓದುವ 91ನೆಯ ಕೀರ್ತನೆಯು ಅತಿ ಪ್ರಾಚೀನಕಾಲದಿಂದ ರಕ್ಷೆಯ ಕೀರ್ತನೆಯೆಂದು ಹೆಸರಾದುದು. ಅದರ ವಚನಗಳನ್ನು ಕೆತ್ತಿದ ತಾಯಿತಗಳೂ ತೋಳ್ಬಳೆಗಳೂ ದೊರೆತಿವೆ. ಆದರೆ ಸುವಾರ್ತೆಯಲ್ಲಿ ಆ ಕೀರ್ತನೆಯನ್ನು ಎತ್ತಿ ಹೇಳಿದವನು ಯಾರು? ಶೋಧಕನು. ದೇವಾಲಯದ ಶಿಖರದಿಂದ ಧುಮುಕು, ದೂತರು ಕಾಯುವರಷ್ಟೆ ಎಂದು ಅವನು ಅದನ್ನು ತಾಯಿತವನ್ನಾಗಿ ಮಾಡಿದನು. ದೇವರನ್ನು ಪರೀಕ್ಷಿಸಬಾರದೆಂದು ಹೇಳಿ ಸ್ವಾಮಿಯು ಅದನ್ನು ನಿರಾಕರಿಸಿದನು. ಆ ಸ್ವಾಮಿಯು ತರುವಾಯ ಶಿಲುಬೆಯ ಮೇಲೆ ಪ್ರಾಣಬಿಟ್ಟಾಗ, ನಂಬಿಕೆಯಲ್ಲಿ ಬಿರುಕಿದ್ದುದರಿಂದ ಹೀಗಾಯಿತೆಂದು ಯಾವ ಕ್ರೈಸ್ತನು ಹೇಳಿಯಾನು? ಕವಚವನ್ನು ವರ್ಣಿಸಿದ ಪೌಲನ ಕೈಯಲ್ಲಿಯೇ ಸಂಕೋಲೆಯಿತ್ತು. ಆ ಮಾತನ್ನು ಮುಗಿಸುತ್ತಾ ಅವನು ತನಗಾಗಿ ಪ್ರಾರ್ಥಿಸಿರೆಂದು ಕೇಳಿಕೊಂಡನು. ಬಿಡುಗಡೆಗಾಗಿ ಅಲ್ಲ, ಧೈರ್ಯವಾಗಿ ಮಾತಾಡುವ ಶಕ್ತಿಗಾಗಿ.

ಆದಕಾರಣ, ಸಹೋದರರೇ, ನಿಮ್ಮ ಮಗಳು ನಿಮ್ಮ ಕವಚದ ಬಿರುಕಿನಿಂದ ಸಾಯಲಿಲ್ಲ. ಜ್ವರವು ಭಕ್ತರ ಮನೆಗೂ ಬರುತ್ತದೆ, ಭಕ್ತರಲ್ಲದವರ ಮನೆಗೂ ಬರುತ್ತದೆ. ಅದಕ್ಕೆ ವೈದ್ಯನನ್ನು ಕರೆಯುವುದು ಅವಿಶ್ವಾಸವಲ್ಲ, ಮಗುವನ್ನು ಕಳೆದುಕೊಳ್ಳುವುದು ದಂಡನೆಯೂ ಅಲ್ಲ. ಕವಚವು ಕಾಯುವುದು ನಿಮ್ಮ ಮತ್ತು ದೇವರ ನಡುವಿನ ಸಂಬಂಧವನ್ನು. ನೆಂಟರ ಆ ಮಾತೇ ಉರಿಯುವ ಬಾಣ; ಅದನ್ನು ಎದೆಯಲ್ಲಿಟ್ಟುಕೊಳ್ಳಬೇಡಿರಿ. ಯೋಬನ ಸ್ನೇಹಿತರು 7 ದಿನ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕುಳಿತಿದ್ದಷ್ಟು ಕಾಲ ಸ್ನೇಹಿತರಾಗಿಯೇ ಇದ್ದರು. ಬಾಯಿ ತೆರೆದು ಕಾರಣ ಹೇಳತೊಡಗಿದ ಮೇಲೆ ಕಡೆಗೆ ದೇವರ ಕೋಪಕ್ಕೆ ಗುರಿಯಾದರು. ಇನ್ನು ಆ ತಾಯಿಯನ್ನು ಮಾತಾಡೆಂದು ಒತ್ತಾಯಿಸಬೇಡಿರಿ. ನಮಗೆ ಪ್ರಾರ್ಥಿಸಲು ತಿಳಿಯದಿರುವಾಗ ಮಾತಿಗೆ ನಿಲುಕದ ನರಳಾಟದಿಂದ ಆತ್ಮನೇ ನಮಗಾಗಿ ಬೇಡುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯವು ಕಲಿಸುತ್ತದೆ. ಆಕೆ ಬಂದು ಕುಳಿತುಕೊಳ್ಳುತ್ತಾಳಲ್ಲವೇ? ಅಷ್ಟು ಸಾಕು. ಈಗ ಆಕೆಯ ಗುರಾಣಿಯನ್ನು ನೀವು ಹಿಡಿಯಿರಿ. ನಿಮ್ಮ ಕೈ ಸೋತಾಗ ನಿಮ್ಮ ಸಭೆಯವರು ಹಿಡಿಯಲಿ.

ಎಲ್ಲ ವಾಚಕರಿಗೂ ನನ್ನ ಬಿನ್ನಹವಿಷ್ಟೆ. ಕೆಲಸಕ್ಕೆ ಹೊರಡುವ ಮೊದಲು ಒಂದು ವಚನವನ್ನಾದರೂ ಬಾಯಿಪಾಠ ಮಾಡಿರಿ, ಮಕ್ಕಳಿಗೂ ಮಾಡಿಸಿರಿ. ಮಕ್ಕಳ ಬಾಯಿಂದ ನಿಮಗಾಗಿ ಸುಳ್ಳು ಹೇಳಿಸಬೇಡಿರಿ. ಕೋಪವನ್ನು ಸೂರ್ಯಾಸ್ತಮಾನದಾಚೆಗೆ ಒಯ್ಯಬಾರದೆಂದು ಅದೇ ಎಫೆಸದ ಪತ್ರಿಕೆಯು ಬೋಧಿಸುವುದರಿಂದ, ದೀಪ ಹಚ್ಚುವ ಹೊತ್ತಿಗೆ ಆ ದಿನದ ಜಗಳವನ್ನು ಮುಗಿಸಿರಿ. ದುಃಖದ ಮನೆಗೆ ಹೋದರೆ ಕಾರಣವನ್ನು ಹುಡುಕದೆ ಕೈಲಾದ ಕೆಲಸವನ್ನು ಮಾಡಿ ಬನ್ನಿರಿ. ಕವಚದ ಆ ಕೆಲವೇ ವಚನಗಳಲ್ಲಿ ಪೌಲನು ನಿಲ್ಲುವ ಮಾತನ್ನು ನಾಲ್ಕು ಸಲ ಹೇಳಿದ್ದಾನೆ. ಓಡಿಹೋಗಿ ಗೆಲ್ಲಿರೆಂದು ಒಮ್ಮೆಯೂ ಹೇಳಲಿಲ್ಲ. ಕೇಡಿನ ದಿನವು ಕಳೆದ ಮೇಲೆಯೂ ನಮ್ಮ ನಮ್ಮ ಹೊಸ್ತಿಲಲ್ಲಿ ನಿಂತೇ ಇರುವ ಬಲವನ್ನು ದೇವರು ನಮಗೆಲ್ಲರಿಗೂ ಅನುಗ್ರಹಿಸಲಿ.