ಪಾರ್ಲರ್ ಬಾಗಿಲು ಹಾಕಿಸುವವರು ನಾವೇ



ನವೆಂಬರ್ ಬಂತೆಂದರೆ ದಿಲ್ಲಿ ಕನ್ನಡಿಗರಿಗೆ ಎರಡು ಗಡಿಬಿಡಿ: ಒಂದು ರಾಜ್ಯೋತ್ಸವ, ಇನ್ನೊಂದು ಹೊಗೆ. ಕಳೆದ ಸಲ ರಾಜ್ಯೋತ್ಸವದ ನೃತ್ಯಕ್ಕೆಂದು ಮಗಳನ್ನು ಮಯೂರ್ ವಿಹಾರ್ ಫೇಸ್ ಒನ್‌ನ ಒಂದು ಪುಟ್ಟ ನೇಲ್ ಪಾರ್ಲರ್‌ಗೆ ಕರೆದುಕೊಂಡು ಹೋಗಿದ್ದೆ. ಹೊರಗೆ ಎಕ್ಯೂಐ 400ರ ಆಸುಪಾಸು. ಒಳಗೆ ಗಾಜಿನ ಬಾಗಿಲು ಭದ್ರವಾಗಿ ಮುಚ್ಚಿತ್ತು, ಮೂಲೆಯಲ್ಲಿ ಏರ್ ಪ್ಯೂರಿಫೈಯರ್ ಓಡುತ್ತಿತ್ತು. ಆದರೂ ಹತ್ತೇ ನಿಮಿಷಕ್ಕೆ ನನಗೆ ತಲೆಭಾರ, ಕಣ್ಣುರಿ. ಉಗುರು ಉಜ್ಜುತ್ತಿದ್ದ ಹುಡುಗಿ ಬೆಳಗ್ಗೆ ಹನ್ನೊಂದರಿಂದ ರಾತ್ರಿ ಎಂಟರವರೆಗೆ ಅಲ್ಲೇ ಕೂರುತ್ತಾಳಂತೆ. ಐದು ತಿಂಗಳ ಬಸುರಿ ಬೇರೆ.

ಪ್ಯೂರಿಫೈಯರ್ ಇದ್ದರೆ ಸಾಕು ಎಂದು ನಾವೆಲ್ಲ ನಂಬಿಬಿಟ್ಟಿದ್ದೇವೆ. ಅದರ ಹೆಪಾ ಫಿಲ್ಟರ್ ಧೂಳನ್ನು ಹಿಡಿಯುತ್ತದೆ, ಆವಿಯನ್ನಲ್ಲ. ರಿಮೂವರ್‌ನ ಅಸಿಟೋನ್, ಅಕ್ರಿಲಿಕ್ ಉಗುರಿನ ಲಿಕ್ವಿಡ್, ಕೆಲವು ಪಾಲಿಶ್‌ಗಳಲ್ಲಿರುವ ಟೊಲ್ಯೂಯೀನ್ ಎಲ್ಲವೂ ಆವಿಯಾಗಿ ಹಾರುವಂಥವು. ಟೊಲ್ಯೂಯೀನ್ ಹೆಚ್ಚು ಸೇರಿದರೆ ಹೊಟ್ಟೆಯಲ್ಲಿರುವ ಮಗುವಿಗೂ ಒಳ್ಳೆಯದಲ್ಲ. ಆವಿ ಹಿಡಿಯಲು ದಪ್ಪನೆಯ ಕಾರ್ಬನ್ ಫಿಲ್ಟರ್ ಬೇಕು, ಅದನ್ನೂ ಆಗಾಗ ಬದಲಿಸಬೇಕು. ಎನ್95 ಮಾಸ್ಕ್ ಕೂಡ ಅಷ್ಟೇ, ಉಗುರು ಉಜ್ಜಿದ ಪುಡಿಗೆ ಸರಿ, ಆವಿಗಲ್ಲ. ಸ್ಪ್ಲಿಟ್ ಎಸಿಯಂತೂ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ.

ಉಳಿದ ದಾರಿ ಒಂದೇ. ಆವಿ ಹುಟ್ಟಿದ ಜಾಗದಲ್ಲೇ ಎಳೆದು ಹೊರಗೆ ಹಾಕಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ 2016ರಿಂದ ಹೊಸದಾಗಿ ತೆರೆಯುವ ನೇಲ್ ಅಂಗಡಿಗಳಿಗೆ ಮೇಜಿನ ಬಳಿಯೇ ಇಂಥ ವ್ಯವಸ್ಥೆ ಕಡ್ಡಾಯ ಮಾಡಿದ್ದಾರೆ. ಅಸಿಟೋನ್ ಆವಿ ಗಾಳಿಗಿಂತ ಭಾರ, ಕೆಳಗೇ ಹರಡುತ್ತದೆ. ಹಾಗಾಗಿ ಸೂರಿನ ಹತ್ತಿರದ ಎಕ್ಸಾಸ್ಟ್ ಫ್ಯಾನ್‌ಗಿಂತ ಮೇಜಿನ ಮಟ್ಟದ್ದು ಮೇಲು. ಇನ್ನೊಂದು ಮಾತು, ಈ ಆವಿಗೆ ಬೇಗ ಬೆಂಕಿ ಹತ್ತುತ್ತದೆ. ಚಳಿಗೆಂದು ಕಾಲ ಬಳಿ ಕೆಂಪಗೆ ಕಾಯುವ ರಾಡ್ ಹೀಟರ್ ಇಟ್ಟಿದ್ದರೆ ದಯವಿಟ್ಟು ಎದ್ದು ಬನ್ನಿ.

ಬಾಗಿಲು ತೆರೆದರೆ ಹೊಗೆ ಬರುವುದಿಲ್ಲವೇ ಎಂದು ಕೇಳುತ್ತೀರಿ. ಬರುತ್ತದೆ, ಸುಳ್ಳಲ್ಲ. ಚಳಿಗಾಲದಲ್ಲಿ ಬೆಳಗ್ಗೆ, ರಾತ್ರಿಗಿಂತ ಮಧ್ಯಾಹ್ನದ ಗಾಳಿ ಸಾಮಾನ್ಯವಾಗಿ ಸ್ವಲ್ಪ ವಾಸಿ. ನಮ್ಮ ಉಗುರಿನ ಕೆಲಸವನ್ನು ಆ ಹೊತ್ತಿಗೇ ಇಟ್ಟುಕೊಂಡರೆ ಬಾಗಿಲು ಓರೆಯಾಗಿ ತೆರೆದಿಡಬಹುದು. ಬಾಟಲಿಯ ಮುಚ್ಚಳ ಹಾಕುವುದಕ್ಕೆ, ಅಸಿಟೋನ್ ಹತ್ತಿಯನ್ನು ಮುಚ್ಚಳವಿರುವ ಡಬ್ಬಿಗೆ ಎಸೆಯುವುದಕ್ಕೆ ಯಾವ ಖರ್ಚೂ ಇಲ್ಲ.

ಅಂದು ನೋಡಿದರೆ ಗೋಡೆಯಲ್ಲಿ ಎಕ್ಸಾಸ್ಟ್ ಇತ್ತು, ಆರಿಸಿತ್ತು. ಕೇಳಿದ್ದಕ್ಕೆ ಅಂಗಡಿಯಾಕೆ ನಕ್ಕರು. ಸದ್ದು, ಚಳಿ ಎಂದು ಗ್ರಾಹಕರೇ ಆರಿಸಲು ಹೇಳುತ್ತಾರಂತೆ. ನಾನೂ ಒಳಗೆ ಬಂದವಳೇ ಬಾಗಿಲು ಎಳೆದುಕೊಂಡಿದ್ದೆನಲ್ಲ! ಒಂದು ಗಂಟೆ ಕೂರುವ ನಮ್ಮ ಬೆಚ್ಚಗಿಗೆ ಆ ಹುಡುಗಿ ಒಂಬತ್ತು ಗಂಟೆ ಅದನ್ನು ಉಸಿರಾಡಬೇಕು. ಕೆಲಸಕ್ಕಿರುವವಳು ಬಾಯಿಬಿಟ್ಟು ಕೇಳಲಾರಳು, ದುಡ್ಡು ಕೊಡುವ ನಾವು ಕೇಳಬಹುದು. ಈಗ ನಾನು ಶಾಲು ಹೊದ್ದೇ ಹೋಗುತ್ತೇನೆ, ಕೂರುವ ಮೊದಲೇ ನನ್ನ ಹರಕು ಹಿಂದಿಯಲ್ಲಿ ಹೇಳುತ್ತೇನೆ: "ದೀದಿ, ಎಕ್ಸಾಸ್ಟ್ ಚಲಾ ದೀಜಿಯೇ."