ನಾಲ್ಕು ನಳಿಗೆಯ ಪಿಸ್ತೂಲು

ಹಳೆಯ ಆಯುಧಗಳನ್ನು ಕಂಡಾಗ ನಾವು ಅವುಗಳ ಕುಸುರಿಕೆಲಸವನ್ನು ಮೆಚ್ಚಿ ಮುಂದೆ ಸಾಗುತ್ತೇವೆ. ಇಷ್ಟು ಸಾಲದೆಂದು ನನ್ನ ಅಭಿಪ್ರಾಯ. ಅದನ್ನು ಹಿಡಿಯುವ ಹಕ್ಕು ಯಾರಿಗಿತ್ತೆಂಬುದನ್ನೂ ಕೇಳಬೇಕು.

ಲಂಡನ್ನಿನ ಚಾರ್ಲ್ಸ್ ಲ್ಯಾಂಕಾಸ್ಟರ್ ಕಂಪೆನಿಯವರು 1880ರ ದಶಕದಲ್ಲಿ ಮಾರುತ್ತಿದ್ದ ನಾಲ್ಕು ನಳಿಗೆಯ ಪಿಸ್ತೂಲನ್ನೇ ತೆಗೆದುಕೊಳ್ಳೋಣ. ಆಗಿನ ಆಂಗ್ಲ ಸೇನಾಧಿಕಾರಿಗಳು ಪಿಸ್ತೂಲನ್ನು ಸ್ವಂತ ಹಣದಿಂದಲೇ ಕೊಳ್ಳಬೇಕಾಗಿತ್ತು. ಆದುದರಿಂದ ತಮಗೆ ನಂಬಿಕೆಯಾದುದನ್ನು ಆರಿಸಿಕೊಳ್ಳುತ್ತಿದ್ದರು. ರಿವಾಲ್ವರಿನಲ್ಲಿ ತಿರುಗುವ ಉರುಳೆಗೂ ನಳಿಗೆಗೂ ನಡುವೆ ಸಣ್ಣದೊಂದು ಸಂದು ಇದ್ದೇ ಇರುತ್ತದೆ; ಮದ್ದಿನ ಬಲ ಅಲ್ಲಿ ಸ್ವಲ್ಪ ಸೋರಿಹೋಗುತ್ತದೆ. ಲ್ಯಾಂಕಾಸ್ಟರಿನಲ್ಲಾದರೋ ಎರಡರ ಮೇಲೆರಡರಂತೆ ನಳಿಗೆಗಳು ಅಲುಗದೆ ನಿಂತಿರುತ್ತವೆ. ಕುದುರೆಯನ್ನು ಸೆಳೆದಂತೆಲ್ಲ ಒಳಗಿನ ಮೊಳೆ ಮಾತ್ರ ಸುತ್ತಿ, ಒಂದಾದ ಮೇಲೊಂದು ತೋಟೆಯನ್ನು ಹೊಡೆಯುತ್ತದೆ. ನಾಲ್ಕೇ ಗುಂಡು, ಸೆಳೆಯಲು ಬಹಳ ಬಿಗಿ. ಆದರೂ ಮೈಮೇಲೆ ಬಿದ್ದವನನ್ನು ಕೆಡವಲು ಇದೇ ವಾಸಿಯೆಂದು ಅನೇಕರು ಸೊಂಟಕ್ಕೆ ಕಟ್ಟಿಕೊಂಡರು. ಇಂಥ ದಪ್ಪ ನಳಿಗೆಯ ಪಿಸ್ತೂಲುಗಳಿಗೆ ‘ಹೌಡಾ ಪಿಸ್ತೂಲು’ ಎಂದು ಹೆಸರು. ಗಾಯಗೊಂಡ ಹುಲಿ ಬೇಟೆಯಾನೆಯನ್ನೇರಿ ಬಂದರೆ ಹೌದಾದಲ್ಲಿ ಕುಳಿತವನ ಕೊನೆಯ ಗಳಿಗೆಗೆ ಇದು! ದಸರೆಯ ಅಂಬಾರಿಯನ್ನಷ್ಟೇ ಬಲ್ಲ ನಮಗೆ ಈ ಉಪಯೋಗ ಹೊಳೆಯುವಂಥದಲ್ಲ.

ಕೌಶಲವೇನೋ ದೊಡ್ಡದೇ. ಆದರೆ 1878ರಲ್ಲಿ, ಲಿಟ್ಟನ್ ವೈಸರಾಯನಾಗಿದ್ದಾಗ, ಆಯುಧ ಕಾಯಿದೆ ಬಂದಿತು. ಬ್ರಿಟಿಷ್ ಇಂಡಿಯಾದಲ್ಲಿ ನಮ್ಮವರು ಪರವಾನಗಿಯಿಲ್ಲದೆ ಕೋವಿ ಹಿಡಿಯುವಂತಿರಲಿಲ್ಲ, ಯುರೋಪಿಯನ್ನರಿಗೆ ವಿನಾಯಿತಿ. ಅದೇ 1878ರಲ್ಲಿ, ನಮ್ಮ ಚಾಮರಾಜನಗರದ ಸೀಮೆಯಲ್ಲಿ ಆನೆಗಳನ್ನು ಹಿಡಿದ ಸ್ಯಾಂಡರ್ಸನ್ನನ ಬೇಟೆಯ ಪುಸ್ತಕ ಹೊರಬಂತು. ಅದಕ್ಕೂ ಮೊದಲು, 1857ರಲ್ಲಿ, ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸುವುದಿಲ್ಲವೆಂದುದಕ್ಕೆ ಊರು ಸುಟ್ಟುಹೋಯಿತು, ಸೆರೆಸಿಕ್ಕ ಹಲವರು ಗಲ್ಲಿಗೇರಿದರು. ಇತ್ತ ಕೊಡವರಿಗೆ ಮಾತ್ರ ಅದೇ ಸರಕಾರ ಕೋವಿಯ ವಿನಾಯಿತಿ ಕೊಟ್ಟಿತು. ಅಂದಮೇಲೆ ಸರಕಾರ ನೋಡುತ್ತಿದ್ದುದು ಕೋವಿಯನ್ನಲ್ಲ, ಹಿಡಿದ ಕೈಯನ್ನು.

‘ಹಾಗಾದರೆ ಎಲ್ಲರಿಗೂ ಕೋವಿ ಕೊಡೋಣವೇ?’ ಎಂದು ಗೆಳೆಯರು ಹಾಸ್ಯ ಮಾಡಬಹುದು. ಬೇಡ. ಸ್ವತಂತ್ರ ಭಾರತ 1959ರಲ್ಲಿ ತನ್ನದೇ ಆಯುಧ ಕಾಯಿದೆಯನ್ನು ಮಾಡಿಕೊಂಡಿದೆ, ಪರವಾನಗಿ ಇರಬೇಕಾದುದೇ. ನಮ್ಮ ಹರವೆಯ ಕಡೆ ಹೊಲಕ್ಕೆ ಆನೆ ನುಗ್ಗಿದರೆ ಪಟಾಕಿ, ತಮಟೆ, ಕೂಗು ಇವಿಷ್ಟೇ ರೈತನ ಆಯುಧ. ಅದರ ಕಷ್ಟ ಬೇರೆ ಮಾತು.

ನಾನು ಕೇಳುವುದು ಇಷ್ಟೆ: ಇಂಥ ಪಿಸ್ತೂಲನ್ನು ಗಾಜಿನೊಳಗಿಟ್ಟು ‘ನಾಲ್ಕು ನಳಿಗೆ, ಲಂಡನ್’ ಎಂದು ಫಲಕ ಬರೆಯುವವರು ಅದರ ಕೆಳಗೆ 1878ರ ಕಾಯಿದೆಯನ್ನೂ ಒಂದು ಸಾಲಿನಲ್ಲಿ ಬರೆಯಲಿ. ಕನ್ನಡದಲ್ಲಿ ಬರೆಯಲಿ, ದೊಡ್ಡ ಅಕ್ಷರದಲ್ಲಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪ ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಬಲ್ಲರು, ಇಂಗ್ಲಿಷು ಬಾರದು.